ಕಲ್ಲಿನ ಕೊಳೆ

ಹಾಳೆಯಕ್ಕನಿಗೆ ಸಿಟ್ಟು ಬಂದ ದಿನ ಅವಳು ಕುಂಚ ಮುಟ್ಟುವುದಿಲ್ಲ. ಮೂವತ್ತೊಂದು ವರ್ಷದಿಂದ ಪಾಲಿಸಿಕೊಂಡು ಬಂದ ನೇಮ ಅದು. ಸಿಟ್ಟಿನ ಕೈಗೆ ಕಡಲಪಾಚಿ ಬಗ್ಗುವುದಿಲ್ಲ. ಕವಲಿಗೆ ಕವಲು ಸಿಕ್ಕಿಕೊಂಡು ಹಾಳೆಯ ಮೇಲೆ ಮುದ್ದೆಯಾಗಿ ಕೂರುತ್ತದೆ. ಅಂಥ ದಿನ ಅವಳು ಒದ್ದೆಯಾದ ಬ್ಲಾಟಿಂಗ್ ಪೇಪರು ಬದಲಿಸುತ್ತಾಳೆ, ತಟ್ಟೆ ತಿಕ್ಕುತ್ತಾಳೆ, ಕಪಾಟಿನ ಬಾಗಿಲು ಒರೆಸುತ್ತಾಳೆ, ಯಾರಾದರೂ ಮಾತಾಡಿಸಿದರೆ ‘ಹೂಂ’ ಅನ್ನುತ್ತಾಳೆ. ಸಾಮಾನ್ಯವಾಗಿ ಮಧ್ಯಾಹ್ನದ ಚಹಾ ಹೊತ್ತಿಗೆ ಇಳಿದುಹೋಗುವ ಸಿಟ್ಟು. ಈ ಸಲ ಹದಿನೇಳು ದಿನ ಕುಂಚ ಒಣಗಿಕೊಂಡೇ ಇತ್ತು.

ಕಾರಣ ಒಂದು ಪದ. ಬಂದರಿಗೆ ಹೊಸದಾಗಿ ಅಲೆ ತಡೆಯುವ ಗೋಡೆ ಕಟ್ಟುತ್ತಾರೆ, ಅದು ದೀಪಸ್ತಂಭದ ಕೆಳಗಿನ ಬಂಡೆಸಾಲಿನ ಮೇಲೆಯೇ ಹಾದುಹೋಗುತ್ತದೆ ಎಂದು ಬಂದರು ಕಚೇರಿಯ ಗೋಡೆಗೆ ವರದಿ ಅಂಟಿಸಿದ್ದರು. ಬಂಡೆಸಾಲಿನಲ್ಲಿ ಏನೇನು ಜೀವ ಇದೆ ಎಂಬ ಪಟ್ಟಿಯೂ ಅದರಲ್ಲಿತ್ತು. ಏಡಿ ಇದೆ, ಚಿಪ್ಪು ಇದೆ, ಹಸಿರು ಪಾಚಿ ಇದೆ. ನಲವತ್ತಮೂರನೆಯ ಸಾಲಿನಲ್ಲಿ ಒಂದು ಸಣ್ಣ ಕೆಂಪು ಪಾಚಿಯ ಉದ್ದನೆಯ ಶಾಸ್ತ್ರೀಯ ಹೆಸರು, ಅದರ ಎದುರಿಗೆ ‘ಕಂಡುಬಂದಿಲ್ಲ’. ಕಂಡುಬಂದಿದ್ದರೆ ನಿಯಮದ ಪ್ರಕಾರ ಗೋಡೆಯನ್ನು ನೂರು ಹೆಜ್ಜೆ ಆಚೆ ಸರಿಸಬೇಕು. ಆಕ್ಷೇಪಣೆ ಇದ್ದವರು ಇಪ್ಪತ್ತು ದಿನದೊಳಗೆ ಹೇಳಬೇಕು.

ಹಾಳೆಯಕ್ಕ ಆ ಸಾಲನ್ನು ಮೂರು ಸಲ ಓದಿದಳು. ಆ ಪಾಚಿಯ ಇನ್ನೂರ ಹದಿನಾಲ್ಕು ಹಾಳೆಗಳನ್ನು ಅವಳು ತನ್ನ ಕೈಯಾರೆ ಮಾಡಿದ್ದಳು. ಎಲ್ಲವೂ ಆ ಬಂಡೆಸಾಲಿನವೇ. ಇಲ್ಲವಂತೆ. ಮನೆಯೊಡತಿಯನ್ನು ಹೊಸಿಲಲ್ಲಿ ನಿಲ್ಲಿಸಿ ಈ ಮನೆಯಲ್ಲಿ ಯಾರೂ ವಾಸವಿಲ್ಲ ಎಂದು ಬರೆದುಕೊಂಡು ಹೋದಂತಾಯಿತು ಇದು.

ಅವಳು ಕಡಲ ಅಧ್ಯಯನ ಕೇಂದ್ರಕ್ಕೆ ಸೇರಿದ್ದು ಕಸ ಗುಡಿಸಲು. ಇಪ್ಪತ್ತೇಳು ವಯಸ್ಸು, ಗಂಡ ದೋಣಿಗಳ ಇಂಜಿನ್ ಮೆಕ್ಯಾನಿಕ್. ಬಂದರಿನ ಹಿಂದಿನ ಓಣಿಯಲ್ಲಿ ಹಳೆಯ ಎರಡಂತಸ್ತಿನ ಕಟ್ಟಡ. ಅದರ ಮೂರನೆಯ ಕೋಣೆಯಲ್ಲಿ ಪಾಚಿಯ ಕಪಾಟುಗಳು, ಕಲ್ಲಿನ ತೊಟ್ಟಿ, ಉತ್ತರಕ್ಕೆ ಒಂದು ಕಿಟಕಿ, ಎಲ್ಲೆಲ್ಲೂ ನುಸಿಗುಳಿಗೆಯ ವಾಸನೆ. ಆಗಷ್ಟೇ ಓದು ಮುಗಿಸಿ ಬಂದಿದ್ದ ಡಾಕ್ಟರು ಆ ಕೋಣೆಗೆ ಯಜಮಾನರು. ರೋಗಿಗಳ ಡಾಕ್ಟರಲ್ಲ, ಪಾಚಿಯ ಡಾಕ್ಟರು. ಅವರಿಗೆ ಪಾಚಿಯ ಬಗ್ಗೆ ಎಲ್ಲ ಗೊತ್ತಿತ್ತು, ಆದರೆ ಕೈ ಮಾತ್ರ ನಡುಗುತ್ತಿತ್ತು. ಹಾಳೆ ಎತ್ತುವಾಗ ಪಾಚಿ ಜಾರಿ ತಟ್ಟೆಗೇ ವಾಪಸು ಬೀಳುತ್ತಿತ್ತು. ಪೊರಕೆ ಹಿಡಿದು ನೋಡುತ್ತ ನಿಂತವಳು ಒಂದು ದಿನ ತಾಳಲಾರದೆ ಅಂದಳು: “ಸರ್, ಹಾಳೇನ ಒಂದು ಮೂಲೆಯಿಂದ ಎತ್ತಿ. ಅವಸರ ಮಾಡಿದ್ರೆ ನೀರು ಎಳ್ಕೊಂಡು ಹೋಗುತ್ತೆ.”

“ನೀನೇ ಎತ್ತಮ್ಮ ನೋಡೋಣ,” ಎಂದರು ಡಾಕ್ಟರು. ಮಾತು ಚುಚ್ಚುವ ಹಾಗೇ ಇತ್ತು.

ಅವಳು ಎತ್ತಿದಳು. ಪೊರಕೆ ಅಂದಿಗೇ ಮೂಲೆ ಸೇರಿತು, ಬರಬರುತ್ತ ಹಾಳೆಯಕ್ಕ ಎಂಬ ಹೆಸರು ಅಂಟಿಕೊಂಡಿತು.

ಕೆಲಸ ಹೇಳಲು ಸುಲಭ. ಅಗಲ ತಟ್ಟೆಯಲ್ಲಿ ಉಪ್ಪುನೀರು ತುಂಬಿ, ದಪ್ಪ ಹಾಳೆಯನ್ನು ನೀರಿನೊಳಕ್ಕೆ ಜಾರಿಸಿ, ಅದರ ಮೇಲೆ ಪಾಚಿಯನ್ನು ತೇಲಿಬಿಡಬೇಕು. ನೀರಿನಲ್ಲಿ ಅದು ತಾನೇ ಬಿಚ್ಚಿಕೊಳ್ಳುತ್ತದೆ. ಒಂದೊಂದು ಕವಲನ್ನೂ ಮೆತ್ತನೆ ಕುಂಚದಿಂದ ಬಿಡಿಸಿ, ಅದು ಬಂಡೆಯ ಮೇಲೆ ಹೇಗೆ ನಿಂತಿತ್ತೋ ಹಾಗೆ ಮಲಗಿಸಿ, ಉಸಿರು ಬಿಗಿಹಿಡಿದು ಹಾಳೆ ಎತ್ತಬೇಕು. ಮೇಲೊಂದು ತೆಳು ಬಟ್ಟೆ, ಬ್ಲಾಟಿಂಗ್ ಪೇಪರು, ಎರಡು ಹಲಗೆಯ ನಡುವೆ ಬಿಗಿ. ಅಂಟು ಬೇಡ, ಪಾಚಿಯ ಮೈಯ ಲೋಳೆಯೇ ಅಂಟು. ಒಂದು ವಾರಕ್ಕೆ ಒಣಗಿದ ಹಾಳೆ ನೋಡಿದವರು ಬಣ್ಣದಲ್ಲಿ ಬರೆದದ್ದು ಅಂದುಕೊಳ್ಳುತ್ತಾರೆ.

ಅವಳ ಮೊದಲ ಹಾಳೆಗೆ ಮಾತ್ರ ಸಿಕ್ಕಿದ್ದು ಬೈಗುಳ. ಬೇಸಿಗೆ ಶುರುವಾಗಿ ಪಾಚಿ ಮುಗಿದಿದ್ದ ಕಾಲ. ಬಂಡೆಯಿಂದ ಎದ್ದ ಬಿಲ್ಲೆಯಂಥ ಒಂದು ತೆಳು ಕಲ್ಲಿನ ಚೂರಿನ ಮೇಲೆ ಬಾಡಿದ ಎರಡು ಕವಲು ಉಳಿದಿದ್ದವು. ಪಕ್ಕದಲ್ಲಿ, ಅದೇ ಕಲ್ಲಿಗೆ ಅಂಟಿಕೊಂಡು, ಒಂದು ಕಂದುಗಪ್ಪು ಕಲೆ. ಅವಳು ಎಲ್ಲವನ್ನೂ ಇದ್ದ ಹಾಗೇ ಹಾಳೆಗೆ ಕೂರಿಸಿದಳು. ಡಾಕ್ಟರು ನೋಡಿ ಮುಖ ಗಂಟಿಕ್ಕಿದರು. “ಕಲ್ಲಿನ ಕೊಳೆ ಸಮೇತ ಅಂಟಿಸಿದ್ದೀಯಲ್ಲಮ್ಮ. ಬುಡ ಕೆರೆದು ಚೊಕ್ಕ ಮಾಡಬೇಕು ಅಂತ ಗೊತ್ತಾಗಲ್ವಾ?” ಎಂದು ಕೆಂಪು ಪೆನ್ಸಿಲಿನಲ್ಲಿ ಹಾಳೆಯ ಮೇಲೇ ಏನೋ ಗೀಚಿ ಕಸದ ಬುಟ್ಟಿಗೆ ಹಾಕಿದರು.

ಅವಳು ಅದನ್ನು ಬುಟ್ಟಿಯಿಂದ ಎತ್ತಿಕೊಂಡು ಮನೆಗೆ ಹೋದಳು. ಅಭಿಮಾನಕ್ಕಲ್ಲ, ಹಾಳೆ ದಪ್ಪಗಿತ್ತು, ಮನೆಯ ಕನ್ನಡಿ ಚೌಕಟ್ಟಿನೊಳಗೆ ಗಡಗಡ ಅನ್ನುತ್ತಿತ್ತು. ಕನ್ನಡಿಯ ಹಿಂದೆ ಅದನ್ನು ತುರುಕಿದ ಮೇಲೆ ಸದ್ದು ನಿಂತಿತು. ಮಾರನೆಯ ದಿನದಿಂದ ಅವಳು ಸಣ್ಣ ಬ್ಲೇಡಿನಲ್ಲಿ ಬುಡ ಕೆರೆಯಲು ಕಲಿತಳು. ಅವಳಷ್ಟು ಚೊಕ್ಕವಾಗಿ ಕೆರೆಯುವವರು ಇಡೀ ಕೇಂದ್ರದಲ್ಲಿ ಇರಲಿಲ್ಲ.

ಆ ಪಾಚಿ ಹೆಬ್ಬೆರಳಿನಷ್ಟು ಉದ್ದ, ಅಷ್ಟೆ. ಚಿಪ್ಪು ಆರಿಸುವ ಅವಳ ನಾದಿನಿ ಅದಕ್ಕೆ ಚಿಟಿಕೆಪಾಚಿ ಅನ್ನುತ್ತಾಳೆ. ಎರಡು ಬೆರಳಲ್ಲಿ ಚಿಟಿಕೆ ಹಿಡಿಯುವಷ್ಟೇ ಸಿಗುತ್ತದೆ ಅಂತ. ಒಂದು ಎರಡಾಗಿ, ಎರಡು ನಾಲ್ಕಾಗಿ ಕವಲೊಡೆಯುತ್ತದೆ. ಅದರೊಳಗೂ ಹಸಿರಿದೆ, ಆದರೆ ಮೇಲೆ ಕೆಂಪು ಮುಚ್ಚಿರುತ್ತದೆ. ಆ ಕೆಂಪಿನ ದೆಸೆಯಿಂದ ಮಂದ ಬೆಳಕಿನಲ್ಲೂ ಬದುಕುತ್ತದೆ. ಹಾಗಾಗಿ ಬಿಸಿಲು ಬೀಳುವ ಕಡೆ ಹುಡುಕಬಾರದು, ಬಂಡೆಯ ನೆರಳಿನ ಮಗ್ಗುಲಲ್ಲಿ ಹುಡುಕಬೇಕು. ಅದೂ ಚಳಿಗಾಲದಲ್ಲಿ.

ಇದರ ಸಂಸಾರದ ಕಥೆಯನ್ನು ಡಾಕ್ಟರು ಹೇಳಿದ್ದು ಅವಳು ಸೇರಿ ಹತ್ತು ವರ್ಷವಾದ ಮೇಲೆ, ತಾವೇ ಗಾಜಿನ ಜಾಡಿಯಲ್ಲಿ ಬೆಳೆಸಿ ನೋಡಿದ ನಂತರ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡಿನ ಬೀಜಕ್ಕೆ ಬಾಲವಿಲ್ಲ, ಈಜಲು ಬಾರದು. ನೀರು ಎತ್ತ ಕೊಂಡೊಯ್ದರೆ ಅತ್ತ. ಅವಳು ಮನೆಯಲ್ಲಿ ಇದನ್ನು ಹೇಳಿದಾಗ ಗಂಡ, “ನನ್ನ ಕಥೆ ಅವರಿಗೆ ಯಾರು ಹೇಳಿದ್ದು?” ಎಂದಿದ್ದ. ಹೆಣ್ಣು ಗಿಡ ಬೀಜ ಕೂಡಿದ ಮೇಲೆ ತನ್ನ ಮೈಮೇಲೇ ಸಣ್ಣ ಗಂಟುಗಳಲ್ಲಿ ಮುಂದಿನದ್ದನ್ನು ಸಾಕುತ್ತದೆ. ಗಂಟು ಒಡೆದು ಬಿದ್ದ ಕಣಗಳು ಕಲ್ಲಿಗೆ ಅಂಟಿ ಬೆಳೆಯುತ್ತವೆ, ಆದರೆ ತಾಯಿಯ ಹಾಗೆ ಅಲ್ಲ. ಅವು ಕಲೆಯಾಗಿ ಹರಡುತ್ತವೆ. ಕಂದುಗಪ್ಪು, ಚಪ್ಪಟೆ, ಡಾಂಬರು ಚೆಲ್ಲಿದ ಹಾಗೆ. ಕವಲು ಬೇಸಿಗೆಗೆ ಸತ್ತುಹೋದರೂ ಕಲೆ ಸಾಯುವುದಿಲ್ಲ. ವರ್ಷಕ್ಕೆ ಕೂದಲೆಳೆಯಷ್ಟು ಬೆಳೆಯುತ್ತ ವರ್ಷಾನುಗಟ್ಟಲೆ ಇರುತ್ತದೆ. ಹಗಲು ಗಿಡ್ಡವಾದಾಗ ಅದರಿಂದ ನಾಲ್ಕು ನಾಲ್ಕು ಕಣಗಳು ಹೊರಬಿದ್ದು, ಮತ್ತೆ ಕೆಂಪು ಕವಲು ಏಳುತ್ತದೆ.

“ಅಂದ್ರೆ ಕಲೆಯೂ ಅದೇ, ಕವಲೂ ಅದೇನಾ ಸರ್?” ಎಂದು ಅವಳು ಕೇಳಿದ್ದಳು.

“ಎರಡೂ ಒಂದೇ ಅಕ್ಕ. ಲೋಕವೆಲ್ಲ ಬೇರೆ ಬೇರೆ ಅಂದ್ಕೊಂಡಿತ್ತು.” ಅಷ್ಟರಲ್ಲಿ ಡಾಕ್ಟರ ಬಾಯಲ್ಲಿ ಅವಳು ಅಕ್ಕ ಆಗಿದ್ದಳು.

ಇಬ್ಬರೂ ಸಂತೋಷಪಟ್ಟರು. ಸಂತೋಷಪಟ್ಟು, ಅವಳು ಮರುದಿನ ಎಂದಿನಂತೆ ಬ್ಲೇಡು ತೆಗೆದುಕೊಂಡು ಬುಡ ಕೆರೆದಳು, ಅವರು ಎಂದಿನಂತೆ ಹಾಳೆಗೆ ಸಹಿ ಹಾಕಿದರು. ರೂಢಿ ಅಂದರೆ ಅದು. ತಲೆಗೆ ಹತ್ತಿದ ತಿಳಿವಳಿಕೆ ಕೈಗೆ ಇಳಿಯಲು ಇನ್ನೂ ಎಷ್ಟು ವರ್ಷ ಬೇಕಿತ್ತೋ.

ಕೋಣೆಯ ಗೋಡೆಯಲ್ಲಿ ಒಂದು ಭೂಪಟ ಇದೆ. ಚಿಟಿಕೆಪಾಚಿ ಸಿಕ್ಕಿದ ಕಡೆಯೆಲ್ಲ ಕೆಂಪು ಗುಂಡುಸೂಜಿ. ಕಡಲಾಚೆ ಮೂರು ಸೂಜಿ ಒತ್ತೊತ್ತಾಗಿವೆ, ಈಚೆಯ ಇಷ್ಟುದ್ದ ಕರಾವಳಿಗೆ ಒಂದೇ ಒಂದು. ಅದರ ಕಣಗಳು ದೂರ ಹೋಗುವ ಜಾತಿಯವಲ್ಲ, ಹುಟ್ಟಿದ ಕಲ್ಲಿನಿಂದ ನಾಲ್ಕು ಮಾರು ಆಚೆ ಬಿದ್ದರೆ ಹೆಚ್ಚು. ಒಂದು ಕಡೆ ಅಳಿದರೆ ಪಕ್ಕದಿಂದ ಬಂದು ತುಂಬಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲ. ಬಂಡೆಸಾಲಿನ ಮೇಲೆ ಕಾಂಕ್ರೀಟು ಬಿದ್ದರೆ ಆ ಒಂಟಿ ಸೂಜಿಯನ್ನು ಕೀಳಬೇಕು, ಮತ್ತೆ ಚುಚ್ಚುವ ಪ್ರಶ್ನೆಯೇ ಇಲ್ಲ.

ವರದಿ ಓದಿದ ಮಾರನೆಯ ದಿನ ಹಾಳೆಯಕ್ಕ ಹನ್ನೆರಡು ಒಳ್ಳೆಯ ಹಾಳೆಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದರು ಕಚೇರಿಗೆ ಹೋದಳು. ಡಾಕ್ಟರೂ ಜೊತೆಗಿದ್ದರು, ನಿವೃತ್ತಿಗೆ ಎಂಟು ತಿಂಗಳಿದ್ದ ಅವರು ದಾರಿಯುದ್ದಕ್ಕೂ ‘ನೋಡೋಣ, ನೋಡೋಣ’ ಅನ್ನುತ್ತಿದ್ದರು. ಸರ್ವೆ ಅಧಿಕಾರಿ ಮರ್ಯಾದಸ್ಥ. ಕುರ್ಚಿ ಹಾಕಿಸಿದ, ಹಾಳೆಗಳನ್ನು ನೋಡಿ ಚೆನ್ನಾಗಿವೆ ಅಂದ.

“ಆದ್ರೆ ಅಮ್ಮ, ಇವೆಲ್ಲ ಚಳಿಗಾಲದ್ದು. ಕೊನೇದು ಆರು ವರ್ಷ ಹಳೇದು. ಈಗ ಇದೆ ಅನ್ನೋದಕ್ಕೆ ಏನು ದಾಖಲೆ?”

“ನಿಮ್ಮವರು ಹೋಗಿದ್ದು ಯಾವಾಗ ಸರ್?”

ಅಧಿಕಾರಿ ಕಡತ ತಿರುವಿದ. ಬೇಸಿಗೆಯ ನಡುಮಧ್ಯೆ, ಎರಡು ದಿನ. ಹಾಳೆಯಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅರ್ಧಚಂದ್ರನ ವಾರ ಅದು, ನೀರು ಅರೆಬರೆ ಇಳಿಯುವ ದಿನಗಳು. ಪಾದ ಒದ್ದೆ ಮಾಡಿಕೊಳ್ಳದೆ, ಮೇಲಿನ ಬಂಡೆ ನೋಡಿ ಬಂದಿದ್ದಾರೆ. ಸಂತೆ ಹೊತ್ತಿಗೆ ಮೂರು ಮೊಳ ನೇಯುವವರ ಕೈಯಲ್ಲಿ ಕಡಲಿನ ಪಟ್ಟಿ. ಅವಳಿಗೆ ಮೈ ಉರಿಯಿತು.

“ಬೇಸಿಗೇಲಿ ಅದು ಕಲೆಯಾಗಿ ಇರುತ್ತೆ ಸರ್. ಕಲ್ಲಿನ ಮೇಲೆ ಕಂದು ಕಲೆ.”

“ಅದು ಡಾಂಬರು ಅಂತ ಬರ್ದಿದ್ದಾರೆ. ದೋಣಿಗಳಿಂದ ಬಿದ್ದದ್ದು.”

“ನಮ್ಮ ಮನೆಯವರು ಮೂವತ್ತೈದು ವರ್ಷದಿಂದ ದೋಣಿ ರಿಪೇರಿ ಮಾಡ್ತಾರೆ. ಡಾಂಬರು ಬಿಸಿಲಿಗೆ ಮೆತ್ತಗಾಗುತ್ತೆ. ಈ ಕಲೆ ಬಿಸಿಲಿಗೆ ಗಟ್ಟಿಯಾಗುತ್ತೆ. ಬೇಕಾದ್ರೆ ಈಗ್ಲೇ ಒಂದು ಚೂರು ಕಲ್ಲು ತಂದು ತೋರಿಸ್ತೀನಿ.”

ಅಧಿಕಾರಿ ಅಡ್ಡಡ್ಡ ತಲೆಯಾಡಿಸಿದ. ನೋಟೀಸು ಬಿದ್ದ ಮೇಲೆ ಆ ಬಂಡೆಯಿಂದ ಏನನ್ನೂ ತರುವಂತಿಲ್ಲ. ತಂದರೂ ಅದು ಅಲ್ಲಿಯದೇ ಎಂದು ಹೇಳುವವರಾರು. ಎಷ್ಟೇ ಹಳೆಯದಾಗಿರಲಿ, ಮೊದಲೇ ಸಂಗ್ರಹವಾದ, ತಾರೀಕು ಮತ್ತು ಸಹಿ ಇರುವ, ಬೇಸಿಗೆಯ ಒಂದು ಹಾಳೆ ಬೇಕು. ಅದರಲ್ಲಿ ಆ ಕಲೆ ಇದ್ದು, ಕಲೆ ಪಾಚಿಯೇ ಎಂದು ತೋರಬೇಕು. ಅಂಥದೊಂದಿದ್ದರೆ ತಾನೇ ಖುದ್ದು ಬಂದು ಬಂಡೆ ನೋಡುತ್ತೇನೆ ಅಂದ.

“ನಾನೂ ಹೇಳೋದು ಅದನ್ನೇ,” ಎಂದರು ಡಾಕ್ಟರು, ಹೊರಗೆ ಬಂದ ಮೇಲೆ. “ಹಾಳೆ ಇಲ್ಲದೆ ಮಾತಿಲ್ಲ ಅಕ್ಕ.” ಕಚೇರಿಯೊಳಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಕೂತಿದ್ದವರಿಗೆ ಹೊರಗೆ ಬಂದ ಕೂಡಲೇ ಮಾತು ಬಂದಿತ್ತು.

ಹಾಳೆಯಕ್ಕ ಕೋಣೆಗೆ ಬಂದು ಮೂರೂ ಕಪಾಟು ತೆರೆದಳು. ಇನ್ನೂರ ಹದಿನಾಲ್ಕು ಹಾಳೆಗಳನ್ನೂ ಮೇಜಿನ ಮೇಲೆ ಒಂದೊಂದಾಗಿ ಹರವಿ, ಭೂತಗನ್ನಡಿ ಹಿಡಿದು ಬುಡ ನೋಡಿದಳು. ನಾಲ್ಕು ದಿನ ಹಿಡಿಯಿತು. ಎಲ್ಲ ಬುಡವೂ ಚೊಕ್ಕ. ಎಲ್ಲೂ ಒಂದು ಕಲೆಯಿಲ್ಲ, ಒಂದು ಕಲ್ಲಿನ ಚೂರಿಲ್ಲ. ಕೆಲವು ಕಡೆ ಬ್ಲೇಡಿನ ಗೀರು ಮಾತ್ರ ಕಾಣುತ್ತಿತ್ತು. ನೂರ ಎಂಬತ್ತನೆಯ ಹಾಳೆಯ ಹೊತ್ತಿಗೆ ಅವಳಿಗೆ ಎಲ್ಲ ಅರ್ಥವಾಗಿತ್ತು, ಆದರೂ ಕೊನೆಯವರೆಗೂ ನೋಡಿದಳು. ಸರ್ವೆಯವರು ಎರಡು ದಿನದಲ್ಲಿ ಕಾಣದೆ ಬಿಟ್ಟದ್ದನ್ನು ಅವಳು ಮೂವತ್ತೊಂದು ವರ್ಷ ಕಂಡೂ ಕೆರೆದು ತೊಟ್ಟಿಗೆ ಬಿಟ್ಟಿದ್ದಳು.

ಆ ದಿನ ಮನೆಗೆ ಹೋದವಳ ಸಿಟ್ಟು ಯಾರ ಮೇಲೆ ಎಂದು ಗಂಡನಿಗೆ ತಿಳಿಯಲಿಲ್ಲ. ಬಾಗಿಲು ದಡಾರನೆ ಬಿತ್ತು. ಗೋಡೆಯ ಕನ್ನಡಿ ಮೊಳೆಯಿಂದ ಕಳಚಿ, ಪುಣ್ಯಕ್ಕೆ ಮಂಚದ ಮೇಲೆ ಬಿದ್ದು ಉಳಿಯಿತು.

“ಅದು ಏನು ತಪ್ಪು ಮಾಡ್ತು?” ಎಂದು ಗಂಡ ಕನ್ನಡಿಯನ್ನು ಎತ್ತಿಕೊಂಡ. ಹಿಂಬದಿಯ ರಟ್ಟು ಬಿಟ್ಟುಕೊಂಡಿತ್ತು. “ಇದೇನೇ, ಇದರೊಳಗೊಂದು ಕಾಗದ ಇದೆ.”

ಹಾಳೆಯಕ್ಕ ತಿರುಗಿ ನೋಡಿದಳು. ದಿನಾ ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಎದುರಿಗೇ ಇದ್ದದ್ದು. ಅದನ್ನು ಅಲ್ಲಿ ತುರುಕಿದ್ದೇ ಅವಳಿಗೆ ಮರೆತುಹೋಗಿತ್ತು. ಹಾಳೆ ಹಳದಿಯಾಗಿತ್ತು, ಬಾಡಿದ ಎರಡು ಕವಲು ಗುಲಾಬಿಗೆ ತಿರುಗಿದ್ದವು, ಕಲ್ಲಿನ ಬಿಲ್ಲೆ ಅಂಟಿಕೊಂಡೇ ಇತ್ತು. ಬಿಲ್ಲೆಯ ಮೇಲೆ ಉಗುರಗಲ ಕಂದುಗಪ್ಪು ಕಲೆ. ಅದರ ಕೆಳಗೆ ಕೆಂಪು ಪೆನ್ಸಿಲಿನ ಅಕ್ಷರ: ‘ಕಲ್ಲಿನ ಕೊಳೆ ಸಮೇತ. ಎಸೆಯಿರಿ.’ ಕೆಳಗೆ ‘ದೀಪಸ್ತಂಭದ ಬಂಡೆಸಾಲು’ ಎಂದು ಜಾಗ, ಬೇಸಿಗೆಯ ಒಂದು ತಾರೀಕು, ಡಾಕ್ಟರ ಉದ್ದನೆ ಸಹಿ. ಹೊಸದಾಗಿ ಕೆಲಸಕ್ಕೆ ಸೇರಿದವರು ಎಸೆಯುವ ಕಾಗದಕ್ಕೂ ಸಹಿ ಹಾಕುತ್ತಾರೆ. ಹಾಳೆಯಕ್ಕ ಮಂಚದ ಮೇಲೆ ಕೂತು ನಕ್ಕಳು, ಆಮೇಲೆ ಸ್ವಲ್ಪ ಅತ್ತಳು.

ಮರುದಿನ ಕೋಣೆಯಲ್ಲಿ ಡಾಕ್ಟರು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಕಲೆಯಿಂದ ಸಾಸಿವೆಯಷ್ಟನ್ನು ತೆಗೆದು ನೀರಿನಲ್ಲಿ ನೆನೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ನೋಡಿದರು, ಅವಳಿಗೂ ತೋರಿಸಿದರು. ಮೂವತ್ತೊಂದು ವರ್ಷ ಒಣಗಿದ್ದರೂ, ಒಂದೊಂದು ಗೂಡಿನೊಳಗೆ ನಾಲ್ಕು ನಾಲ್ಕು ಕಣ ಸಾಲಾಗಿ ಕೂತಿದ್ದವು. ಡಾಂಬರಿನಲ್ಲಿ ಅಂಥದ್ದು ಇರುವುದಿಲ್ಲ.

“ನಾನೇ ಎಸೆಯೋಕೆ ಹೇಳಿದ್ದೆ,” ಎಂದರು ಡಾಕ್ಟರು.

“ಹೌದು ಸರ್. ನೀವು ಎಸೆಯೋಕೆ ಹೇಳಿದ್ದೊಂದೇ ಉಳಿದಿರೋದು. ಇಟ್ಕೋ ಅಂದಿದ್ರೆ ಇದನ್ನೂ ಕೆರೆದು ಇಟ್ಟಿರ್ತಿದ್ದೆ.”

ಅವರು ತಲೆ ತಗ್ಗಿಸಿ ಕಾಗದ ಎಳೆದುಕೊಂಡು ಆಕ್ಷೇಪಣೆ ಬರೆದರು. ಈ ಸಲ ‘ನೋಡೋಣ’ ಅನ್ನಲಿಲ್ಲ. ಅಧಿಕಾರಿಯೂ ಆಡಿದ ಮಾತಿಗೆ ತಪ್ಪಲಿಲ್ಲ. ಹದಿನೇಳನೆಯ ದಿನ, ಅಮಾವಾಸ್ಯೆಯ ಮರುದಿನ, ನೀರು ಪೂರ್ತಿ ಇಳಿಯುವ ಬೆಳಗಿನ ಹೊತ್ತಿಗೆ ಬರುತ್ತೇನೆ ಎಂದ.

ಅವನು ಬರುವ ಹಿಂದಿನ ದಿನ ಗೋಡೆ ಕಟ್ಟುವವರಿಗೆ ಎಲ್ಲಿಲ್ಲದ ಶುಚಿತ್ವ ಬಂತು. ದೊಡ್ಡವರು ಬರುತ್ತಾರೆ, ಬಂಡೆ ಗಲೀಜಾಗಿದೆ, ಡಾಂಬರು ಮೆತ್ತಿದೆ ಎಂದು ಇಪ್ಪತ್ತು ಜನ ಆಳು, ತಂತಿಯ ಬ್ರಷ್ಷು, ಸೋಪಿನ ನೀರು. ಗೊತ್ತಿದ್ದೇ ಮಾಡಿದರೋ ಗೊತ್ತಿಲ್ಲದೆ ಮಾಡಿದರೋ ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ. ಗೊತ್ತಿಲ್ಲದೆ ಮಾಡಿದ್ದು ಅಂತಲೇ ಇಟ್ಟುಕೊಳ್ಳೋಣ. ಗೊತ್ತಿಲ್ಲದವರ ಕೈಗೆ ತಂತಿಯ ಬ್ರಷ್ಷು ಕೊಟ್ಟವರಿಗಾದರೂ ಕೇಳಿ ತಿಳಿದುಕೊಳ್ಳುವ ವ್ಯವಧಾನ ಇರಬೇಕಿತ್ತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹಾಳೆಯಕ್ಕ ಬಂಡೆಸಾಲು ನೋಡಿ ನಿಂತಲ್ಲೇ ನಿಂತಳು. ನೆರಳಿನ ಮಗ್ಗುಲಿನ ಕಲ್ಲೆಲ್ಲ ಬೆಳ್ಳಗೆ, ಗೀರು ಗೀರಾಗಿ, ಹೊಸದಾಗಿ ಕೆತ್ತಿದ ಹಾಗಿತ್ತು. ಆ ಗೀರುಗಳ ಗುರುತು ಅವಳಿಗೆ ಚೆನ್ನಾಗಿ ಇತ್ತು. ಅವಳ ಬ್ಲೇಡು ಕಲ್ಲಿನ ಚೂರಿನ ಮೇಲೆ ಮಾಡುತ್ತಿದ್ದದ್ದನ್ನೇ ಇವರು ಇಡೀ ಬಂಡೆಗೆ ಮಾಡಿದ್ದರು. ಬ್ರಷ್ಷಿನವರನ್ನು ಬೈಯಬೇಕೋ, ತನ್ನನ್ನೇ ಬೈದುಕೊಳ್ಳಬೇಕೋ, ಅದೂ ತಿಳಿಯದ ಸಿಟ್ಟು.

ಡಾಕ್ಟರು ಬಂದರು. ಪ್ಯಾಂಟಿಗೆ ಇಸ್ತ್ರಿ ಹೊಡೆದುಕೊಂಡು, ಬಿಳಿ ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತ ಅಧಿಕಾರಿಯೂ ಬಂದ. ಬಂಡೆಯ ಮೇಲೆ ಆ ಕಡೆ ಈ ಕಡೆ ನಡೆದಾಡಿದ.

“ಅಮ್ಮ, ಇಲ್ಲಿ ಏನೂ ಕಾಣ್ತಾ ಇಲ್ವಲ್ಲ.”

“ನಿನ್ನೆವರೆಗೂ ಇತ್ತು ಸರ್. ತಿಕ್ಕಿ ತೆಗೆದಿದ್ದಾರೆ.”

“ಇರಬಹುದು. ಆದ್ರೆ ನಾನು ಕಂಡದ್ದನ್ನ ತಾನೆ ಬರೀಬೇಕು.” ಅವನ ದನಿಯಲ್ಲಿ ನಿಜವಾದ ಬೇಸರವಿತ್ತು. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಬೇಸರದಿಂದ ಬರೆದರೂ ಆ ಪದ ಅದೇ ಪದ.

ಅಷ್ಟರಲ್ಲಿ ಬಂಡೆಸಾಲಿನ ಕೊನೆಯಿಂದ ನಾದಿನಿ ಕೂಗಿದಳು. ಮಂಡಿಯವರೆಗೆ ಒದ್ದೆ, ಸೊಂಟಕ್ಕೆ ಚಿಪ್ಪಿನ ಬುಟ್ಟಿ. “ಅತ್ತಿಗೇ, ಮೇಲೆ ಏನು ನೋಡ್ತಾ ನಿಂತಿದ್ದೀರಿ? ಅವರು ತಿಕ್ಕಿರೋದು ನಿಂತ್ಕೊಂಡು ಕೈಗೆ ಎಟುಕಿದಷ್ಟೇ. ಕೆಳಗಡೆ ಬನ್ನಿ.”

ಅಲ್ಲೊಂದು ಚಾಚುಬಂಡೆ. ಅದರ ಕೆಳಗೆ ಎರಡು ಗೇಣು ಸಂದು. ನೀರು ಪೂರ್ತಿ ಇಳಿದಾಗ ಮಾತ್ರ ತೆರೆದುಕೊಳ್ಳುತ್ತದೆ. ನಾದಿನಿ ವರ್ಷಗಳಿಂದ ಅಲ್ಲಿ ಅಂಗಾತ ಮಲಗಿ ಒಳಕ್ಕೆ ಜರುಗಿ ಚಿಪ್ಪು ಕೀಳುತ್ತಾಳೆ. ಇಪ್ಪತ್ತು ಆಳುಗಳಲ್ಲಿ ಒಬ್ಬನಿಗೂ ಮಲಗಿ ನೋಡುವ ಬುದ್ಧಿ ಬಂದಿರಲಿಲ್ಲ, ಸರ್ವೆಗೆ ಬಂದವರಿಗಂತೂ ಮೊದಲೇ ಬಂದಿರಲಿಲ್ಲ. ಐವತ್ತೆಂಟರ ಹಾಳೆಯಕ್ಕ ಸೊಂಟ ಹಿಡಿದುಕೊಂಡು ಕೂತು, ಮೆಲ್ಲಗೆ ಅಂಗಾತ ಮಲಗಿ, ತಲೆಯನ್ನು ಸಂದಿಗೆ ತೂರಿಸಿದಳು. ಬೆನ್ನಿಗೆ ತಣ್ಣನೆ ನೀರು ಹತ್ತಿತು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾದಳು. ಮೂಗಿನಿಂದ ಒಂದು ಗೇಣು ಮೇಲೆ ಬಂಡೆಯ ಹೊಟ್ಟೆ ಪೂರ್ತಿ ಕಂದುಗಪ್ಪು. ಒಂದಕ್ಕೊಂದು ಅಂಚು ತಾಗಿಸಿಕೊಂಡು ಅಂಗೈಯಗಲದ ಕಲೆಗಳು. ಎಷ್ಟು ವರ್ಷದವೋ.

ಅವಳು ಹೊರಗೆ ಬಂದು ಅಧಿಕಾರಿಯತ್ತ ನೋಡಿದಳು. “ಮಲಗಿ ಸರ್.”

“ಎಲ್ಲಿ?”

“ಇಲ್ಲೇ. ನೀವು ಕಂಡದ್ದನ್ನ ಬರೀಬೇಕಲ್ಲ, ಕಾಣ್ಬೇಕಾದ್ರೆ ಮಲಗ್ಬೇಕು.”

ಅವನು ಡಾಕ್ಟರ ಕಡೆ ನೋಡಿದ. ಡಾಕ್ಟರು ಆಗಲೇ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ನೀರಿನಲ್ಲಿ ಕೂರುತ್ತಿದ್ದರು. ಇನ್ನು ವಿಧಿಯಿಲ್ಲದೆ ಅಧಿಕಾರಿಯೂ ಮಲಗಿದ. ಇಸ್ತ್ರಿಯ ಪ್ಯಾಂಟು ನೀರು ಕುಡಿಯಿತು. ಸಂದಿಯೊಳಗೆ ಮೂರು ತಲೆಗಳು ಸಾಲಾಗಿ ಮೇಲೆ ನೋಡುತ್ತಿದ್ದವು. ಹೊರಗಿದ್ದ ಆರು ಕಾಲು ನೋಡಿ ನಾದಿನಿ ನಗು ತಡೆದುಕೊಂಡಳು.

“ಇದು ಡಾಂಬರಲ್ಲ ಅಂತ ಹೇಗೆ ಹೇಳ್ತೀರಿ?” ಒಳಗಿನಿಂದ ಅಧಿಕಾರಿಯ ದನಿ ಡಬ್ಬದೊಳಗಿಂದ ಬಂದ ಹಾಗೆ ಬಂತು.

“ಉಗುರಲ್ಲಿ ಒಂಚೂರು ಕೆರೆದು ನಿಮ್ಮ ಕರವಸ್ತ್ರಕ್ಕೆ ಒರೆಸಿ.”

ಅವನು ಕೆರೆದು ಒರೆಸಿದ. ಬಿಳಿ ಬಟ್ಟೆಯ ಮೇಲೆ ಕಪ್ಪು ಬರಲಿಲ್ಲ. ಕೆಂಪು ಬಂತು, ಹೊಸ ಗಾಯ ಒರೆಸಿದಷ್ಟು ಕೆಂಪು. ಅವನಿಗೆ ನಂಬಿಕೆಯಾಗಲಿಲ್ಲವೋ, ಇಲ್ಲ ಖುಷಿಯೇ ಆಯಿತೋ, ಇನ್ನೊಂದು ಸಲ ಕೆರೆಯಲು ಕೈ ಎತ್ತಿದ. ಹಾಳೆಯಕ್ಕ ಆ ಕೈಯನ್ನು ಗಪ್ಪನೆ ಹಿಡಿದುಕೊಂಡಳು.

“ಅಷ್ಟು ಸಾಕು. ನೀವೀಗ ತೆಗೆದಿದ್ದು ಬೆಳೆಯೋಕೆ ಹತ್ತು ವರ್ಷ ಬೇಕು.”

ಹೊರಗೆ ಬಂದ ಮೇಲೆ ಅಧಿಕಾರಿ ಬಂಡೆಯ ಮೇಲೆ ಕೂತು ಕರವಸ್ತ್ರವನ್ನು ಮತ್ತೆ ಬಿಡಿಸಿ ನೋಡಿದ. ಬೆನ್ನಿನಿಂದ ನೀರು ಇಳಿಯುತ್ತಿತ್ತು. “ಎಲ್ಲ ಸರಿ ಅಮ್ಮ. ಆದ್ರೆ ಯೋಚ್ನೆ ಮಾಡಿ, ಇಷ್ಟು ದೊಡ್ಡ ಗೋಡೇನ ಇಷ್ಟು ಸಣ್ಣ ಕಲೆಗೋಸ್ಕರ ಸರಿಸ್ಬೇಕಾ?”

“ಗೋಡೆ ಇನ್ನೂ ಕಾಗದದ ಮೇಲಿದೆ ಸರ್. ಇದು ಕಲ್ಲಿನ ಮೇಲಿದೆ. ಯಾವುದನ್ನ ಸರಿಸೋದು ಸುಲಭ ಅಂತ ನೀವೇ ಹೇಳಿ.”

ಅವನು ಚೀಲದಿಂದ ವರದಿ ತೆಗೆದು, ನಲವತ್ತಮೂರನೆಯ ಸಾಲಿನಲ್ಲಿ ‘ಕಂಡುಬಂದಿಲ್ಲ’ ಎಂಬುದಕ್ಕೆ ಅಡ್ಡಗೆರೆ ಎಳೆದು, ಮೇಲೆ ‘ಇದೆ’ ಎಂದು ಬರೆದ. ತಾರೀಕು ಹಾಕಿ ಸಹಿ ಮಾಡಿದ. ಪುಟದ ಮೂಲೆ ಅವನ ಕೈಯ ನೀರಿಗೆ ಒದ್ದೆಯಾಯಿತು.

ಗೋಡೆ ನೂರು ಹೆಜ್ಜೆ ಆಚೆ ಸರಿಯಿತು. ಸೂಜಿ ಭೂಪಟದಲ್ಲೇ ಉಳಿಯಿತು. ಆದರೆ ಬ್ರಷ್ಷು ತಿಕ್ಕಿದ ಬಂಡೆಗಳು ಈಗಲೂ ಬೆಳ್ಳಗೇ ಇವೆ, ಅದಕ್ಕೆ ಯಾರೂ ಸಹಿ ಹಾಕಿಲ್ಲ, ಯಾರೂ ಕ್ಷಮೆ ಕೇಳಿಲ್ಲ. ಆ ಕಡೆ ಹೋದಾಗಲೆಲ್ಲ ಹಾಳೆಯಕ್ಕ ಅದನ್ನು ನೋಡಿ ಹಲ್ಲು ಕಚ್ಚುತ್ತಾಳೆ.

ಅಧಿಕಾರಿ ಸಹಿ ಮಾಡಿದ ಮಾರನೆಯ ದಿನ ಡಾಕ್ಟರು ಅವಳ ಮೊದಲ ಹಾಳೆಗೆ ಹೊಸ ಚೀಟಿ ಬರೆದು, ಮೊದಲ ಕಪಾಟಿನ ಮೊದಲ ಅರೆಯಲ್ಲಿ ಜಾಗ ಮಾಡಿದರು. ಇಡುವ ಮುಂಚೆ ಮೇಜಿನಿಂದ ರಬ್ಬರು ತೆಗೆದುಕೊಂಡು ಆ ಕೆಂಪು ಪೆನ್ಸಿಲಿನ ಅಕ್ಷರದ ಮೇಲೆ ಹಿಡಿದರು.

ತೊಟ್ಟಿಯ ಹತ್ತಿರ ಕುಂಚ ನೆನೆಸುತ್ತಿದ್ದ ಹಾಳೆಯಕ್ಕ ತಿರುಗಿದಳು.

“ಅಳಿಸ್ಬೇಡಿ ಸರ್. ಇಷ್ಟು ವರ್ಷ ಕೆರೆದಿದ್ದು ಸಾಕು.”

ಡಾಕ್ಟರು ರಬ್ಬರು ಕೆಳಗಿಟ್ಟರು. ‘ಕಲ್ಲಿನ ಕೊಳೆ ಸಮೇತ. ಎಸೆಯಿರಿ’ ಎಂಬ ಬರಹದ ಸಮೇತ ಹಾಳೆ ಕಪಾಟು ಸೇರಿತು.